ಬರಿಗಾಲ ರೈಟ್ ಔಟ್

ನಮ್ಮ ಮಿಲ್ಲಿನ ರಿಸರ್ವ್ ಫುಟ್‌ಬಾಲ್ ಟೀಮು ತನ್ನ ಇಡೀ ಆಯುಷ್ಯದಲ್ಲಿ ಒಂದೇ ವರ್ಷ ಲೀಗ್ ಗೆದ್ದಿತು. ಆ ವರ್ಷ ಟೀಮು ನನ್ನ ಕೈಯಲ್ಲಿತ್ತು. ಹೇಗೆ ಗೆದ್ದಿರಿ ಎಂದು ಎಷ್ಟೋ ಜನ ಕೇಳಿದ್ದಾರೆ. ನಾನೂ ಹೇಳಿದ್ದೇನೆ, ಪ್ರತಿ ಸಲವೂ ಒಂದು ಭಾಗ ಬಿಟ್ಟು. ಬಿಟ್ಟ ಭಾಗವನ್ನು ಈಗ ಬರೆಯುತ್ತಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ನಮ್ಮದು ಮುಂಬಯಿಯ ಬೈಕುಲ್ಲಾದ ಹತ್ತಿರದ ಬಟ್ಟೆ ಮಿಲ್ಲು. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದು ಲೇಬರ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಶಾಲೆಯಲ್ಲಿ ಹಾಫ್ ಬ್ಯಾಕ್ ಆಡಿದವನು ಎಂದು ಗೊತ್ತಾಗಿ ರಿಸರ್ವ್ ಟೀಮನ್ನು ನನಗೆ ವಹಿಸಿದರು. ಹುಡುಗರೆಲ್ಲ ನನ್ನನ್ನು ಮಾಸ್ತರ ಎನ್ನುತ್ತಿದ್ದರು.

ಮಿಲ್ಲಿಗೆ ಎರಡು ಟೀಮು. ಮೊದಲ ಟೀಮು ಮೇಲಿನ ದರ್ಜೆಯಲ್ಲಿ, ಕೂಪರೇಜ್ ಮೈದಾನದಲ್ಲಿ, ಟಿಕೆಟ್ ಕೊಂಡು ಬಂದ ಜನರೆದುರು ಆಡುತ್ತಿತ್ತು. ಆ ಆಟಗಾರರಿಗೆ ಮಿಲ್ಲಿನಲ್ಲಿ ಕಾಯಂ ನೌಕರಿ ಇತ್ತು. ಮಗ್ಗದ ಹತ್ತಿರ ಹೋಗುತ್ತಿದ್ದುದು ಅಪರೂಪ. ನಮ್ಮ ರಿಸರ್ವ್ ಟೀಮು ಕೆಳಗಿನ ದರ್ಜೆಯಲ್ಲಿ, ಆಜಾದ್ ಮೈದಾನದಲ್ಲಿ ಆಡುತ್ತಿತ್ತು. ಅಲ್ಲಿ ಒಂದು ಪಂದ್ಯದ ಚೆಂಡು ಪಕ್ಕದ ಪಂದ್ಯದೊಳಕ್ಕೆ ಉರುಳಿ ಹೋಗುವುದು ಮಾಮೂಲು. ನಮ್ಮ ಆಟಗಾರರು ಹೆಚ್ಚಿನವರು ಬದಲಿ ಕಾರ್ಮಿಕರು. ಬದಲಿ ಎಂದರೆ ಬೆಳಿಗ್ಗೆ ಮಿಲ್ಲಿನ ಸೈರನ್ನು, ಭೋಂಗಾ, ಕೂಗುವ ಮುಂಚೆ ಗೇಟಿನಲ್ಲಿ ನಿಲ್ಲುವುದು, ಕಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಅವನ ಜಾಗಕ್ಕೆ ಒಳಗೆ ಹೋಗುವುದು, ಎಲ್ಲರೂ ಬಂದಿದ್ದರೆ ಮನೆಗೆ ಮರಳುವುದು. ಫುಟ್‌ಬಾಲ್ ಆಡುವ ಬದಲಿಗಳನ್ನು ಮೊದಲು ಕರೆಯುತ್ತಿದ್ದರು, ಅಷ್ಟೇ ಅವರ ಅನುಕೂಲ. ಕಾಯಂ ಆಗಬೇಕಾದರೆ ಇದ್ದ ದಾರಿ ಒಂದೇ, ಮೊದಲ ಟೀಮಿಗೆ ಏರುವುದು.

ಆದ್ದರಿಂದ ರಿಸರ್ವ್ ಟೀಮಿನ ಕೆಲಸ ಆಟಗಾರರನ್ನು ತಯಾರು ಮಾಡಿ ಮೇಲಕ್ಕೆ ಕೊಡುವುದು. ಗೆಲ್ಲುವುದು ನಮ್ಮ ಕೆಲಸವೇ ಆಗಿರಲಿಲ್ಲ. ಗೆದ್ದರೂ ನಾವು ಮೇಲಿನ ದರ್ಜೆಗೆ ಹೋಗುವಂತಿರಲಿಲ್ಲ. ಒಂದೇ ಮಿಲ್ಲಿನ ಎರಡು ಟೀಮು ಒಂದೇ ದರ್ಜೆಯಲ್ಲಿ ಆಡಬಾರದೆಂಬ ನಿಯಮವಿತ್ತು. ಇದೆಲ್ಲ ನನಗೆ ಮೊದಲ ದಿನದಿಂದ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಲೇಬರ್ ಆಫೀಸರ್ ಸಾಹೇಬರು ನನ್ನನ್ನು ಕರೆದು, ಇನ್ನು ಮುಂದೆ ಮೇಲಿನ ದರ್ಜೆಯಲ್ಲಿ ಬೂಟಿಲ್ಲದೆ ಆಡುವಂತಿಲ್ಲ, ಕೆಳಗಿನ ದರ್ಜೆಗೆ ಈ ಒಂದು ಮಳೆಗಾಲ ಮಾತ್ರ ಸಡಿಲಿಕೆ ಇದೆ, ಅಷ್ಟರಲ್ಲಿ ಎಲ್ಲರನ್ನೂ ಬೂಟಿಗೆ ಒಗ್ಗಿಸು ಎಂದರು. ಬೂಟುಗಳ ಗೋಣಿ ನನ್ನ ಮುಂದೆ ಬಂತು. ನಮ್ಮವರಲ್ಲಿ ಗೋಲು ಕಾಯುವ ಗೋಲಿಯೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕಾಲಿಗೆ ಬಟ್ಟೆಪಟ್ಟಿ ಸುತ್ತಿ ಬರಿಗಾಲಲ್ಲಿ ಆಡುವವರು.

ಬೂಟಿಗೆ ಒಗ್ಗಿಸುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಆಗಿನ ಬೂಟು ಹಲಗೆಯಂತೆ ಗಟ್ಟಿ. ಮೂತಿಯಲ್ಲಿ ಗಟ್ಟಿ ತೊಗಲು, ಅಡಿಯಲ್ಲಿ ಮೊಳೆ ಹೊಡೆದು ಕೂರಿಸಿದ ತೊಗಲಿನ ಗುಬಟುಗಳು. ನಾಲ್ಕು ದಿನ ಓಡಿದರೆ ಮೊಳೆಯ ತುದಿ ಒಳಗೆ ಏಳುತ್ತಿತ್ತು. ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಹಸಿಯಾಗಿಯೇ ಹಾಕಿಕೊಂಡು ನಡೆದಾಡಿ, ಒಣಗಿದ ಮೇಲೆ ಹರಳೆಣ್ಣೆ ತಿಕ್ಕಬೇಕು. ಬರಿಗಾಲಲ್ಲಿ ಬೆಳೆದವರ ಪಾದ ಮುಂದೆ ಅಗಲ; ಎಲ್ಲ ಬೂಟುಗಳನ್ನೂ ಮೋಚಿಯ ಬಳಿ ಒಯ್ದು ಅಕ್ಕಪಕ್ಕದ ಹೊಲಿಗೆ ಬಿಚ್ಚಿಸಿದೆ. ಮೊದಲು ಬರೀ ನಡಿಗೆ, ಆಮೇಲೆ ಓಟ, ಆಮೇಲೆ ಗೋಡೆಗೆ ಚೆಂಡು ಒದೆಯುವುದು. ಪಂದ್ಯ ಎಲ್ಲಕ್ಕಿಂತ ಕೊನೆಗೆ. ಒಬ್ಬೊಬ್ಬನಿಗೆ ಎರಡು ತಿಂಗಳು ಬೇಕು ಎಂದು ನನ್ನ ಅಂದಾಜು.

ಎಲ್ಲರಿಗಿಂತ ಹಿಂದುಳಿದವನು ನಮ್ಮ ರೈಟ್ ಔಟ್, ಬಲ ಅಂಚಿನಲ್ಲಿ ಆಡುವವನು. ವಿಜಾಪುರದ ಕಡೆಯವನು. ಊರಲ್ಲಿ ಹುತುತು, ಅಂದರೆ ಕಬಡ್ಡಿ, ಆಡಿ ಕಾಲು ಬಲಿತಿತ್ತು. ಫುಟ್‌ಬಾಲ್ ಕಂಡದ್ದು ಮುಂಬಯಿಗೆ ಬಂದ ಮೇಲೆ. ಬರಿಗಾಲಿನವರು ಕೆಸರಲ್ಲಿ ಜಾರುತ್ತಾರೆ, ಇವನು ಜಾರುತ್ತಿರಲಿಲ್ಲ. ಹೆಬ್ಬೆರಳು ನೆಲಕ್ಕೆ ಊರಿ ಓಟದ ನಡುವೆಯೇ ತಿರುಗಿಬಿಡುತ್ತಿದ್ದ. ನೀರು ಕುಡಿದು ಭಾರವಾದ ತೊಗಲ ಚೆಂಡನ್ನು ಅಂಗಾಲಿನಿಂದ ಎಳೆದು, ಬ್ಯಾಕ್ ಆಟಗಾರ ಕಾಲು ಚಾಚುವಷ್ಟರಲ್ಲಿ ದಾಟಿರುತ್ತಿದ್ದ. ಬೂಟು ಹಾಕಿದ ದಿನ ಅದೇ ಮನುಷ್ಯ ಮೆಟ್ಟಿಲು ಕಾಣದ ಕುರುಡನಂತೆ ಕಾಲೆತ್ತಿ ಇಡುತ್ತಿದ್ದ.

ಗೋಲಿ ಉಡುಪಿ ಕಡೆಯವನು, ಮಿಲ್ ಕ್ಯಾಂಟೀನಿನಲ್ಲಿ ಕೆಲಸ. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. "ಎಂತ ಮಾರಾಯ, ನಿನ್ನ ಕಾಲಿಗೆ ಬೂಟು ಅಂದ್ರೆ ಕೋಣಕ್ಕೆ ಪಾಯಜಾಮ ಹಾಕಿದ ಹಾಗೆ ಉಂಟು."

"ಕ್ವಾಣ ಹಾಯ್ದಾಗ ಗೊತ್ತಾಗ್ತೈತಿ ತಗೋ," ಎಂದು ಇವನು ನಗುತ್ತಿದ್ದ.

ಮಳೆ ಹಿಡಿಯಿತು, ಲೀಗ್ ಶುರುವಾಯಿತು. ಬೂಟು ಹಾಕಿ ಆಡಿದ ಮೊದಲ ಪಂದ್ಯ ಸೋತೆವು. ಎರಡನೆಯದರಲ್ಲಿ ಅರ್ಧ ಆಟಕ್ಕೇ ಒಂದು ಗೋಲು ಹಿಂದಿದ್ದೆವು. ಎದುರಿನದು ರೈಲ್ವೆ ವರ್ಕ್‌ಶಾಪಿನ ಟೀಮು, ಅಂಥ ಗಟ್ಟಿಯಾದದ್ದೇನಲ್ಲ. ನಿಂಬೆಹಣ್ಣಿನ ಹೋಳು ಹಂಚುತ್ತ ನಾನು ರೈಟ್ ಔಟ್‌ಗೆ, "ಬೂಟು ಬಿಚ್ಚು, ಪಟ್ಟಿ ಸುತ್ಕೊ," ಎಂದೆ. ಅವನು ಬಿಚ್ಚಿದ. ಎರಡು ಗೋಲು ಅವನೇ ಹೊಡೆದ, ಮೂರನೆಯದಕ್ಕೆ ಅವನೇ ಚೆಂಡು ಒದಗಿಸಿದ.

ಆ ದಿನದಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಹತ್ತು ಜನ ಬೂಟಿನಲ್ಲಿ, ರೈಟ್ ಔಟ್ ಒಬ್ಬನೇ ಬರಿಗಾಲಲ್ಲಿ. ಉಳಿದವರು ತಪ್ಪುತ್ತ, ಬೀಳುತ್ತ ಬೂಟು ಕಲಿಯಲಿ. ಅಲ್ಲಿಯವರೆಗೆ ಗೋಲಿನ ಚಿಂತೆ ಇವನದು. ಪದ್ಧತಿ ಫಲ ಕೊಟ್ಟಿತು. ನಾವು ಗೆಲ್ಲುತ್ತ ಹೋದೆವು. ಲೇಬರ್ ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಜನ ನನ್ನ ಮೇಜಿನ ಹತ್ತಿರ ನಿಂತು ಫಲಿತಾಂಶ ಕೇಳತೊಡಗಿದರು. ಮೊದಲ ಟೀಮಿನ ಸುದ್ದಿಯನ್ನು ಆಮೇಲೆ ಕೇಳುತ್ತಿದ್ದರು. ನನಗೆ ಆ ಸೋಮವಾರಗಳ ರುಚಿ ಹತ್ತಿತು.

ಜುಲೈ ಕೊನೆಗೆ ಒಂದು ಸಂಜೆ ಪಂದ್ಯ ಮುಗಿಸಿ ಬೋರಿಬಂದರ್ ಸ್ಟೇಷನ್ನಿನ ಕಡೆ ನಡೆಯುತ್ತಿದ್ದೆವು. ರೈಟ್ ಔಟ್ ಬೇಕೆಂದೇ ಹಿಂದೆ ಉಳಿದು ನನ್ನ ಜೊತೆ ಹೆಜ್ಜೆ ಹಾಕಿದ.

"ಮಾಸ್ತರ, ಒಂದ್ ಮಾತ್ ಕೇಳ್ಲ್ಯಾ?"

"ಕೇಳೋ."

"ನನಗೂ ಬೂಟಿನ ಪ್ರಾಕ್ಟೀಸ್ ಕೊಡ್ರಿ. ಎಲ್ಲಾರೂ ಕಲ್ತ್ರು, ನಾ ಒಬ್ಬಾವ ಉಳದೀನಿ."

"ನಿನಗ ಯಾಕ ಈಗ? ಚಲೋ ಆಡಾಕತ್ತೀಯಲ್ಲ."

"ಇಲ್ಲಿ ಆಡ್ತೀನ್ರಿ. ಮ್ಯಾಲ ಕರದ್ರ? ಫಸ್ಟ್ ಟೀಮಿನ ರೈಟ್ ಔಟ್‌ಗ ಮೊಣಕಾಲು ನೋವು ಅಂತಾರ, ವರ್ಷದ ಕಡೀತನಕ ಆಡೂದು ಕಷ್ಟ ಅಂತ." ನಾಲ್ಕು ಹೆಜ್ಜೆ ನಡೆದು ಮುಂದುವರಿಸಿದ, "ಕಾಯಂ ಆದ್ರ ಮಿಲ್ಲಿನ ಚಾಳದಾಗ ಖೋಲಿ ಸಿಗ್ತೈತ್ರಿ. ಹೇಣ್ತಿ ಮಗಳನ್ನ ಕರಕೊಂಡು ಬರಬೇಕಂತ ಮಾಡೀನಿ. ಮಗಳು ನನ್ನ ಗುರುತ ಹಿಡಿಯೂದಿಲ್ರಿ ಮಾಸ್ತರ. ಊರಿಗೆ ಹೋದ್ರ ಯಾರೋ ಬಂದಾರ ಅಂತ ಅಳ್ತಾಳ."

ಅವನು ಆಗ ಒಂದು ಖೋಲಿಯಲ್ಲಿ ಊರಿನ ಹತ್ತಾರು ಜನರ ಜೊತೆ ಇದ್ದ. ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವರು ಮಲಗುವ ಖೋಲಿ.

ಅವನು ಕೇಳಿದ್ದು ನ್ಯಾಯವಾಗಿತ್ತು. ನನ್ನ ಲೆಕ್ಕ ಬೇರೆ ಇತ್ತು. ಬೂಟು ಹಾಕಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದ ಕಾಲಲ್ಲಿ ಬರಿಗಾಲ ಆಟ ಆಗುವುದಿಲ್ಲ. ಅಂದರೆ ಬೂಟು ಕಲಿಯುವಷ್ಟು ದಿನ ಅವನು ನನಗೆ ಎರಡು ಬಗೆಯಲ್ಲೂ ಇಲ್ಲ. ಆಗ ನಾವು ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದೆವು.

"ಇನ್ನ ಸ್ವಲ್ಪ ದಿವಸ ತಡಿ," ಎಂದೆ. "ಗಟ್ಟಿ ಟೀಮು ಎರಡು ಮುಗೀಲಿ. ಆಮ್ಯಾಲ ನಾನಽ ಕುಂತು ಕಲಿಸ್ತೀನಿ."

"ಆತ್ರಿ. ನೀವು ಹೇಳಿದಂಗ."

ಗಟ್ಟಿ ಟೀಮು ಎರಡೂ ಮುಗಿದವು. ಒಂದು ಗೆದ್ದೆವು, ಒಂದು ಸಮ ಆಯಿತು. ನಾನು ಮಾತೆತ್ತಲಿಲ್ಲ. ಅವನು ನನ್ನ ಮುಖ ನೋಡಿ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಆಮೇಲೊಂದು ಬೆಳಿಗ್ಗೆ ಗೇಟಿನಲ್ಲಿ ಅವನು ಕುಂಟುವುದು ಕಂಡಿತು. ಕರೆದು ಪಾದ ನೋಡಿದೆ. ಹಿಮ್ಮಡಿ ಕಿತ್ತುಹೋಗಿತ್ತು. ಇವನ ಪಾಲಿನ ಬೂಟು ನನ್ನ ಗೋಣಿಗೆ ಮರಳಿತ್ತು; ಗೋಲಿಯ ಬೂಟು ಎರವಲು ತೆಗೆದುಕೊಂಡು, ನನಗೆ ತಿಳಿಯದಂತೆ ಚಾಳದ ಹಿಂದೆ ಓಡಿದ್ದ. ಆ ಭಾನುವಾರ ಪಂದ್ಯವಿತ್ತು.

ಗೋಲಿಯನ್ನೂ ಅವನನ್ನೂ ಒಟ್ಟಿಗೆ ನಿಲ್ಲಿಸಿ ಬೈದೆ. ಗೋಲಿ ತಲೆ ಕೆರೆದುಕೊಂಡ. "ಅಲ್ಲ ಮಾಸ್ಟ್ರೇ, ಅವನು ಕಲೀಲಿ ಅಂತ ಕೊಟ್ಟದ್ದು. ಕಲಿಯುದು ತಪ್ಪಾ?"

"ತಪ್ಪು ಸರಿ ನನಗ ಬಿಡು. ಇನ್ನೊಮ್ಮೆ ಕೊಟ್ಟಿ ಅಂದ್ರ ನೀನು ಕ್ಯಾಂಟೀನಿನಾಗ ಕಪ್ಪು ತೊಳೀತಾ ಕೂಡಬೇಕಾಗ್ತದ."

ರೈಟ್ ಔಟ್ ನಡುವೆ ಬಂದ. "ಅವಂದೇನ್ ತಪ್ಪಿಲ್ರಿ. ನಾನಽ ಕೇಳಿ ತಗೊಂಡೆ. ಇನ್ನ ಮುಟ್ಟೂದಿಲ್ರಿ."

ಮುಟ್ಟಲಿಲ್ಲ. ಆ ಭಾನುವಾರ ಹಿಮ್ಮಡಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲೇ ಆಡಿದ.

ಮಳೆ ಕಡಿಮೆಯಾಗುವ ಹೊತ್ತಿಗೆ ನಾವು ಲೀಗ್ ಗೆದ್ದೆವು. ಕೊನೆಯ ಪಂದ್ಯದಲ್ಲಿ ಸಮ ಆದರೂ ಸಾಕಿತ್ತು, ಮೂರು-ಒಂದು ಗೋಲಿನಿಂದ ಗೆದ್ದೆವು. ಮಿಲ್ಲಿನ ಎದುರಿನ ಹೋಟೆಲಿನಲ್ಲಿ ಎಲ್ಲರಿಗೂ ಮಸಾಲೆ ದೋಸೆ. ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಮೇಲೆ ಏರಲು ಆಗದ ಟೀಮಿಗೆ ಸಿಕ್ಕ ಒಂದು ಕಪ್ಪು. ಅದನ್ನು ಆಫೀಸಿನ ಗಾಜಿನ ಕಪಾಟಿನಲ್ಲಿ ಮೊದಲ ಟೀಮಿನ ಕಪ್ಪುಗಳ ಪಕ್ಕದಲ್ಲೇ ಇಡಿಸಿದೆ.

ಅದಾದ ಹದಿನೈದು ದಿನಕ್ಕೆ ಸಾಹೇಬರು ಮತ್ತೆ ಕರೆದರು. ಮೊದಲ ಟೀಮು ನಾಕೌಟ್ ಪಂದ್ಯಾವಳಿಯೊಂದರಲ್ಲಿ ಮುಂದಕ್ಕೆ ಬಂದಿತ್ತು. ಅವರ ರೈಟ್ ಔಟ್‌ನ ಮೊಣಕಾಲು ಕೊನೆಗೂ ಕೈಕೊಟ್ಟಿತ್ತು. ನಮ್ಮವನನ್ನು ಕಳಿಸು, ಚೆನ್ನಾಗಿ ಆಡಿದರೆ ಈ ತಿಂಗಳೇ ಕಾಯಂ ಮಾಡಿಸುತ್ತೇನೆ ಎಂದರು. ಆಮೇಲೆ ಮರಾಠಿಯಲ್ಲಿ, ಬೇರೇನೋ ಕಾಗದ ನೋಡುತ್ತ, "ಬೂಟಾಂಚಿ ಪ್ರಾಕ್ಟೀಸ್ ಝಾಲೀ ಆಹೇ ನಾ, ಮಾಸ್ತರ್?" ಎಂದು ಕೇಳಿದರು. ಬೂಟಿನ ಅಭ್ಯಾಸ ಆಗಿದೆಯಲ್ಲವೇ ಎಂದು. ನಮ್ಮ ಪಂದ್ಯ ನೋಡಲು ಅವರು ಆಜಾದ್ ಮೈದಾನಕ್ಕೆ ಬಂದವರೇ ಅಲ್ಲ.

ಆಗಿಲ್ಲ ಎನ್ನಬೇಕಿತ್ತು. ಈ ಪಂದ್ಯಕ್ಕೆ ಅವನ ಪಕ್ಕದಲ್ಲೇ ಆಡುವ ನಮ್ಮ ಇನ್‌ಸೈಡ್ ರೈಟ್‌ನನ್ನು ಕರೆದೊಯ್ಯಿರಿ, ಅವನು ಬೂಟಿನಲ್ಲಿ ಪಳಗಿದ್ದಾನೆ, ರೈಟ್ ಔಟ್‌ಗೆ ಎರಡು ತಿಂಗಳು ಕೊಡಿ ಎನ್ನಬೇಕಿತ್ತು. ಹಾಗೆಂದರೆ, ಇಡೀ ಮಳೆಗಾಲ ಏನು ಮಾಡುತ್ತಿದ್ದೆ, ನಾನು ಹೇಳಿದ್ದೇನು ಎಂಬ ಪ್ರಶ್ನೆ ಬರುತ್ತಿತ್ತು.

"ಝಾಲೀ, ಸಾಹೇಬ್," ಎಂದೆ.

ಪಂದ್ಯಕ್ಕೆ ಕೆಲವೇ ದಿನ ಉಳಿದಿತ್ತು. ಸುದ್ದಿ ಹೇಳಿದಾಗ ಅವನು ನನ್ನ ಕಾಲು ಮುಟ್ಟಲು ಬಗ್ಗಿದ, ನಾನು ಹಿಂದೆ ಸರಿದೆ. ಎರಡು ತಿಂಗಳ ಕೆಲಸವನ್ನು ಆ ಕೆಲವು ಸಂಜೆಗಳಲ್ಲಿ ತುರುಕಲು ನೋಡಿದೆ. ಬೂಟನ್ನು ಬಿಸಿನೀರಲ್ಲಿ ಅದ್ದಿಸಿದೆ, ಮೋಚಿಯ ಕೈಯಲ್ಲಿ ಮೂತಿ ಬಡಿಸಿ ಮೆದು ಮಾಡಿಸಿದೆ, ಎರಡು ಜೊತೆ ಕಾಲುಚೀಲ ಹಾಕಿಸಿದೆ. ಅವನು ಗೋಡೆಗೆ ಒದ್ದ ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಹಣೆಯ ಬೆವರು ಒರೆಸಿಕೊಂಡು ಒಂದು ಮಾತು ಹೇಳಿದ. "ಚೆಂಡು ಎಲ್ಲೈತಿ ಅಂತ ಕಾಲಿಗೆ ತಿಳೀವಲ್ದು ಮಾಸ್ತರ. ಕಣ್ಣಿಲೆ ನೋಡಿ ಒದೀಬೇಕಾಗೇತಿ. ನೋಡೂದ್ರಾಗ ಅದು ಹೋಗಿರ್ತೈತಿ."

ಇದಕ್ಕಿಂತ ಸರಿಯಾಗಿ ಆ ತೊಂದರೆಯನ್ನು ಯಾರೂ ಹೇಳಲಾರರು. ಆ ಅರಿವು ಕಾಲಿಗೆ ಬರಲೆಂದೇ ಎರಡು ತಿಂಗಳು ಬೇಕಾಗುತ್ತಿದ್ದುದು.

ಕೂಪರೇಜ್‌ನಲ್ಲಿ ಅವತ್ತು ಜನ ತುಂಬಿದ್ದರು. ನಾನು ಗೆರೆಯ ಹೊರಗೆ ಬಲ ಅಂಚಿನಲ್ಲೇ ಕೂತಿದ್ದೆ. ಅವನಿಗೆ ಮೊದಲು ಬಂದ ಚೆಂಡು ಬೂಟಿನ ಅಂಚಿಗೆ ತಾಗಿ ಹೊರಗೆ ಹೋಯಿತು. ಎರಡನೆಯದು ಕಾಲಡಿಯಿಂದ ನುಸುಳಿತು. ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದ, ಚೆಂಡನ್ನೂ ಹಿಂದೆ ಬಿಟ್ಟು ಹೋಗುತ್ತಿದ್ದ. ಗ್ಯಾಲರಿಯಿಂದ ಒಬ್ಬ, "ಅರೇ ಭಾಯಿ, ಜೂತಾ ಕಾಟ್ ರಹಾ ಹೈ ಕ್ಯಾ?" ಬೂಟು ಕಚ್ಚುತ್ತಿದೆಯಾ ಎಂದು ಕೂಗಿದ. ಜನ ನಕ್ಕರು. ಮೊದಲ ಟೀಮಿನ ಕ್ಯಾಪ್ಟನ್ ಅವನ ಕಡೆ ಚೆಂಡು ಕೊಡುವುದನ್ನೇ ನಿಲ್ಲಿಸಿದ. ಆಟದ ನಡುವೆ ಆಟಗಾರನನ್ನು ಬದಲಾಯಿಸುವ ಪದ್ಧತಿ ಆಗ ಇರಲಿಲ್ಲ. ಅವನು ಕೊನೆಯವರೆಗೂ ಅಲ್ಲೇ ಇರಬೇಕು.

ಎರಡನೆಯ ಅರ್ಧದಲ್ಲಿ ಒಂದು ಸಲ ಚೆಂಡು ತಾನಾಗಿಯೇ ಅವನ ಮುಂದೆ ಬಂತು. ಎದುರಿನ ಗೋಲಿ ಬಿದ್ದಿದ್ದ, ಗೋಲು ಬಾಯಿ ತೆರೆದುಕೊಂಡಿತ್ತು. ಇವನು ಕಾಲು ಬೀಸಿದ. ಬೂಟಿನ ಮೂತಿ ಚೆಂಡಿಗಿಂತ ಮೊದಲು ನೆಲಕ್ಕೆ ತಾಗಿತು. ಮುಗ್ಗರಿಸಿ ಬಿದ್ದ.

ಎದ್ದವನು ನನ್ನ ಕಡೆ ನೋಡಿದ. ಬಗ್ಗಿ, ಬೂಟಿನ ಲಾಡಿಯ ಮೇಲೆ ಕೈಯಿಟ್ಟು, ಬಿಚ್ಚಲೇ ಎಂದು ಕಣ್ಣಲ್ಲೇ ಕೇಳಿದ. ಹಿಂದೊಂದು ಸಲ ನಾನೇ ಬಿಚ್ಚು ಎಂದಿದ್ದೆನಲ್ಲ. ನಾನು ತಲೆಯಾಡಿಸಿ ಬೇಡ ಎಂದೆ. ಇಲ್ಲಿ ಬಿಚ್ಚಿದರೆ ರೆಫ್ರೀ ಹೊರಗೆ ಹಾಕುತ್ತಿದ್ದ. ಅವನು ಲಾಡಿ ಬಿಟ್ಟು ತನ್ನ ಜಾಗಕ್ಕೆ ಹೋಗಿ ನಿಂತ. ಒಂದು ಗೋಲಿನಿಂದ ಸೋತೆವು.

ಮರುದಿನ ಸಾಹೇಬರು ಕೂಗಾಡಲಿಲ್ಲ. ಒಂದೇ ಪಂದ್ಯದಿಂದ ಮನುಷ್ಯನನ್ನು ಅಳೆಯುವವರೂ ಅವರಲ್ಲ. ಕೂರಿಸಿ ಶಾಂತವಾಗಿ ಕೇಳಿದರು. "ಇಡೀ ಸೀಸನ್ ಬೂಟಿನಲ್ಲಿ ಅಭ್ಯಾಸ ಮಾಡಿದ ಮೇಲೂ ಹೀಗೆ ಆಡುತ್ತಾನೆ ಅಂದರೆ ಏನು ಅರ್ಥ? ಅವನಿಗೆ ಇದು ಬರುವುದೇ ಇಲ್ಲವಾ? ನಿನಗೆ ಗೊತ್ತಿರಬೇಕು, ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ."

ಇಷ್ಟು ದೊಡ್ಡ ಬಾಗಿಲನ್ನು ಅವರೇ ತೆರೆದು ಹಿಡಿದಿದ್ದರು. ಅವನು ಅಭ್ಯಾಸ ಮಾಡಿದ್ದು ಕೆಲವೇ ಸಂಜೆ, ತಪ್ಪು ನನ್ನದು. ಇಷ್ಟು ಹೇಳಿದ್ದರೆ ಅವರು ನನ್ನನ್ನು ಬೈಯುತ್ತಿದ್ದರು, ಟೀಮು ನನ್ನ ಕೈಯಿಂದ ಹೋಗುತ್ತಿತ್ತು, ಅವನಿಗೆ ಇನ್ನೊಂದು ವರ್ಷ ಸಿಗುತ್ತಿತ್ತು. ನಾನು ಮೇಜಿನ ಮೇಲಿದ್ದ ಮಸಿದೌತಿಯ ಮುಚ್ಚಳ ಸರಿಪಡಿಸಿದೆ. ಕೊನೆಗೆ ನನ್ನ ಬಾಯಿಂದ ಬಂದದ್ದು, "ಅವನು ಬರಿಗಾಲಿನ ಆಟಗಾರ, ಸಾಹೇಬ್. ಬೂಟು ಕಷ್ಟ."

"ಠೀಕ್ ಆಹೇ," ಎಂದರು ಅವರು. ಮುಂದಿನ ವರ್ಷ ಎಲ್ಲ ದರ್ಜೆಗೂ ಬೂಟು ಕಡ್ಡಾಯ; ಬೂಟು ಬಾರದವನಿಗೆ ಟೀಮಿನಲ್ಲಿ ಜಾಗವಿಲ್ಲ, ಟೀಮಿನಲ್ಲಿ ಇಲ್ಲದವನನ್ನು ಗೇಟಿನಲ್ಲಿ ಮೊದಲು ಕರೆಯುವಂತಿಲ್ಲ. ಎಲ್ಲ ಆ ಎರಡು ಶಬ್ದದಲ್ಲಿ ಮುಗಿಯಿತು.

ಅವನು ಆ ಭಾನುವಾರ ಬೆಳಿಗ್ಗೆ ನನ್ನ ಚಾಳಕ್ಕೆ ಬಂದ. ಸ್ನಾನ ಮಾಡಿ, ಮಡಿಚಿಟ್ಟ ಅಂಗಿ ಹಾಕಿಕೊಂಡಿದ್ದ. ಒಳಗೆ ಕರೆದರೂ ಹೊಸ್ತಿಲಲ್ಲೇ ಕೂತ.

"ಸಾಹೇಬ್ರು ಏನಂದ್ರು ಮಾಸ್ತರ?"

"ಆಗೂದಿಲ್ಲ ಅಂದ್ರು."

"ನೀವು ಹೇಳಿ ನೋಡಿದ್ರ್ಯಾ?"

ನಾನು ಹೂಂ ಎಂದೆ. "ಭಾಳ ಹೇಳಿ ನೋಡಿದೆ. ಕೇಳ್ಲಿಲ್ಲ."

ಅವನು ತಲೆಯಾಡಿಸಿದ. "ನೀವು ಹೇಳಿದ್ರೂ ಆಗ್ಲಿಲ್ಲ ಅಂದ್ರ ಮುಗೀತು ಬಿಡ್ರಿ. ನನಗಽ ಬೂಟು ಬರಲಿಲ್ಲ, ಅವರರ ಏನ್ ಮಾಡ್ತಾರ." ಅಂಗಿಯ ಕಿಸೆಯಿಂದ ಒಂದು ಪೋಸ್ಟ್ ಕಾರ್ಡು ತೆಗೆದ. ಅವನಿಗೆ ಓದು ಬರಹ ಬಾರದು. "ಊರಿಗೆ ಒಂದ್ ಕಾಗದ ಬರಕೊಡ್ರಿ. ದಸರಾಕ್ಕ ಬಂದ್ ಕರಕೊಂಡು ಹೋಗ್ತೀನಿ ಅಂತ ಹೇಳಿ ಕಳಿಸಿದ್ದೆ. ಅಕಿ ಎಲ್ಲಾ ಕಟ್ಟಿಟ್ಟಾಳಂತ."

ನಾನು ಮಸಿದೌತಿ ತಂದು ಕೂತೆ. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಈ ವರ್ಷ ಬರುವುದು ಬೇಡ. ಭಾಂಡುಪದಲ್ಲಿ ಒಂದು ಕಾರ್ಖಾನೆಯಲ್ಲಿ ಗೋಣಿ ಹೊರುವ ಕೆಲಸ ಇದೆಯಂತೆ, ಅಲ್ಲಿಗೆ ಹೋಗುತ್ತೇನೆ. ಮಗಳಿಗೆ ನನ್ನ ಹೆಸರು ಹೇಳಿ ಹೇಳಿ ರೂಢಿ ಮಾಡಿಸು. ಕಟ್ಟಿಟ್ಟದ್ದನ್ನು ಬಿಚ್ಚು.

ಅವನು ಕಾರ್ಡಿನಲ್ಲಿ ಉಳಿದ ಜಾಗ ನೋಡಿದ.

"ಕಡೀಕ ಇದನ್ನ ಬರೀರಿ. ನಮ್ಮ ಮಾಸ್ತರು ದೊಡ್ಡ ಮನಷಾ, ನನ್ನ ಸಲುವಾಗಿ ಸಾಹೇಬರ ಮುಂದ ಭಾಳ ಹೇಳ್ಕೊಂಡ್ರು ಅಂತ. ನನ್ನ ಮ್ಯಾಲ ಅಕಿ ಸಿಟ್ಟಾಗಬಾರದಲ್ಲ, ಅದಕ್ಕ."

ನಾನು ಪೆನ್ನು ಅದ್ದಿ, ಅವನು ಹೇಳಿದಂತೆಯೇ ಬರೆದೆ.

"ಬರದ್ರ್ಯಾ?"

"ಬರದೆ."

"ಓದ್ರಿ, ಕೇಳ್ತೀನಿ."

ಮೊದಲಿನಿಂದ ಓದಿದೆ. ಅವನು ಕಣ್ಣು ಮುಚ್ಚಿ, ಬಾಗಿಲಿನ ಚೌಕಟ್ಟಿಗೆ ತಲೆಯಿಟ್ಟು ಕೇಳಿದ. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಕಡೀ ಮಾತು ಇನ್ನೊಮ್ಮೆ ಓದ್ರಿ," ಎಂದ.

ಓದಿದೆ.